ಮರಳಲ್ಲಿ ಉಳಿದ ಬೀಪರ್

ನಮ್ಮ ಮನೆಯ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಡಬ್ಬಿಯ ಪಕ್ಕ ಎರಡು ರೋಮದ ಪಟ್ಟಿಗಳು ಸುರುಳಿ ಸುತ್ತಿಕೊಂಡು ಕೂತಿರುತ್ತವೆ. ಬಿಚ್ಚಿದರೆ ಒಂದೊಂದೂ ನನ್ನಷ್ಟೇ ಉದ್ದ. ಒಂದು ಮಗ್ಗುಲಲ್ಲಿ ಗಿಡ್ಡ ರೋಮ, ಇನ್ನೊಂದು ಮಗ್ಗುಲಲ್ಲಿ ಅಂಟು. ಅವನ್ನು ಸ್ಕೀ ತಳಕ್ಕೆ ಅಂಟಿಸಿಕೊಂಡರೆ ಹಿಂದಕ್ಕೆ ಜಾರದೆ ಹಿಮದ ಇಳಿಜಾರನ್ನು ಹತ್ತಬಹುದು. ಮಲೇಷ್ಯಾದ ಈ ಸುಬಾಂಗ್ ಜಯಾದ ಸೆಕೆಗೆ ಆ ಅಂಟು ಕರಗುತ್ತದೆ. ಮೊದಲ ವರ್ಷ ಬೀರುವಿನಲ್ಲಿಟ್ಟು ಒಂದು ಒಳ್ಳೆಯ ರೇಷ್ಮೆ ಸೀರೆಯನ್ನು ಅದಕ್ಕೆ ಬಲಿ ಕೊಟ್ಟೆ. ಆಮೇಲೆ ಅವು ಫ್ರಿಜ್ಜಿಗೆ ಬಂದವು. ಬಾಗಿಲು ತೆಗೆದಾಗಲೆಲ್ಲ ಮಗಳು "ಅಮ್ಮಾ, ಸಮ್‌ಥಿಂಗ್ ಈಸ್ ಡೆಡ್ ಇನ್ ಹಿಯರ್" ಎನ್ನುತ್ತಾಳೆ. ಕನ್ನಡದಲ್ಲಿ ಬೈದರೆ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ವರ್ಷವಿಡೀ ಬೆವರುವ ಊರಿನಲ್ಲಿ ಕೂತು ಹಿಮದ ಬೆಟ್ಟಕ್ಕೆ ಹೋಗುವುದೆಂದರೆ ಅದೇ ಹಳೆಯ ಗಾದೆ: ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಮೈ ಗಟ್ಟಿಯಾಗದೆ ಬೆಟ್ಟಕ್ಕೆ ಹೋಗುವಂತಿಲ್ಲ, ಬೆಟ್ಟಕ್ಕೆ ಹೋಗದೆ ಮೈ ಗಟ್ಟಿಯಾಗುವುದಿಲ್ಲ. ಹಾಗಾಗಿ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಮುಗಿಸಿ ಬಂದು, ಪ್ಲಾಸ್ಟಿಕ್ಕಿನ ದಪ್ಪ ಸ್ಕೀ ಬೂಟು ಹಾಕಿಕೊಂಡು, ಬೆನ್ನಿಗೆ ಅಕ್ಕಿ ಚೀಲ ಕಟ್ಟಿಕೊಂಡು, ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಕಾವಲುಗಾರ ಮೊದಮೊದಲು ಲಿಫ್ಟ್ ಕೆಟ್ಟಿದೆಯೇ ಎಂದು ವಿಚಾರಿಸುತ್ತಿದ್ದ. ಈಗ ಕೇಳುವುದನ್ನು ಬಿಟ್ಟಿದ್ದಾನೆ.

ಈ ಹುಚ್ಚು ಹಿಡಿಸಿದವರು ಅಣ್ಣ. ಒಡಹುಟ್ಟಿದ ಅಣ್ಣನಲ್ಲ. ಇಲ್ಲಿಯ ಕನ್ನಡದವರೆಲ್ಲ ಅವರನ್ನು ಹಾಗೇ ಕರೆಯುವುದು. ಕುಂದಾಪುರದ ಕಡೆಯವರು, ಹಡಗಿನ ಇಂಜಿನಿಯರ್ ಆಗಿದ್ದವರು, ನಿವೃತ್ತರಾದ ಮೇಲೂ ಕ್ಲಾಂಗ್ ಬಂದರಿನ ಹತ್ತಿರವೇ ಮನೆ ಮಾಡಿಕೊಂಡಿದ್ದಾರೆ. ವಯಸ್ಸಿನಲ್ಲಿದ್ದಾಗ ಅವರ ಹಡಗು ರಿಪೇರಿಗೆಂದು ಜಪಾನಿನ ಉತ್ತರದ ಬಂದರೊಂದರಲ್ಲಿ ಇಡೀ ಚಳಿಗಾಲ ನಿಂತಿತ್ತಂತೆ. ಅಲ್ಲಿಯ ಕೆಲಸಗಾರರು ರಜಾದಿನ ಇವರನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋದರು. ಕಡಲು ಎದ್ದು ನಿಂತ ಹಾಗೆ ಇತ್ತು ಎಂದು ಅಣ್ಣ ಆ ಮೊದಲ ದಿನದ ಬಗ್ಗೆ ಹೇಳುತ್ತಾರೆ. ಕಡಲ ತಡಿಯಲ್ಲಿ ಹುಟ್ಟಿ ಕಡಲಲ್ಲೇ ದುಡಿದವರ ಬಾಯಲ್ಲಿ ಬರುವ ಹೋಲಿಕೆ ಅದು.

ಅವರ ಹಿಂದೆ ನಾವು ಮೂವರು ಹೊರಟವರು. ವಿಜಯಪುರದಿಂದ ಬಂದು ಇಲ್ಲಿಯ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ. ಮಾಂಟ್ ಕಿಯಾರಾದಲ್ಲಿದ್ದುಕೊಂಡು ಸಾಫ್ಟ್‌ವೇರ್ ಕೆಲಸ ಮಾಡುವ ಬೆಂಗಳೂರಿನವನೊಬ್ಬ, ನಲವತ್ತು ಸಮೀಪಿಸಿದರೂ ನಮ್ಮಲ್ಲಿ ಕಿರಿಯನಾದ್ದರಿಂದ ಸಣ್ಣವನು. ಮತ್ತೆ ನಾನು. ಅಣ್ಣ ನಮಗೆ ಕಲಿಸಿದ್ದು ಯಂತ್ರದ ತೊಟ್ಟಿಲಲ್ಲಿ ಮೇಲೆ ಹೋಗಿ ಜಾರಿ ಬರುವ ಆಟವಲ್ಲ. ಹಿಮ್ಮಡಿ ಎತ್ತಲು ಬರುವಂಥ ಸ್ಕೀ ಕಟ್ಟಿಕೊಂಡು, ಯಾರೂ ತುಳಿಯದ ಬೆಟ್ಟವನ್ನು ಅರ್ಧ ದಿನ ಹತ್ತಿ, ರೋಮದ ಪಟ್ಟಿ ಕಿತ್ತು ಜೇಬಿಗಿಟ್ಟು, ಅರೆಗಳಿಗೆಯಲ್ಲಿ ಇಳಿಯುವುದು. ಆ ಅರೆಗಳಿಗೆಗಾಗಿ ಅಷ್ಟೆಲ್ಲ ಕಷ್ಟವೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ನನಗೆ ತಾಳ್ಮೆ ಕಡಿಮೆ.

ಅಲ್ಲಿ ದಾರಿಯಿಲ್ಲ, ಜನರಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಹಿಮ ಕುಸಿದು ಒಬ್ಬರನ್ನು ನುಂಗಿದರೆ ಹೊರಗಿನ ಸಹಾಯ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಉಸಿರಿರುವಾಗ ಹೊರತೆಗೆಯಬಲ್ಲವರು ಜೊತೆಗಿರುವವರು ಮಾತ್ರ. ಅದಕ್ಕೆಂದೇ ಪ್ರತಿಯೊಬ್ಬರೂ ಎದೆಗೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿಕೊಳ್ಳುತ್ತೇವೆ. ನಾವು ಅದನ್ನು ಬೀಪರ್ ಎನ್ನುತ್ತೇವೆ. ನಡೆಯುವಾಗ ಅದು ಸದ್ದಿಲ್ಲದೆ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಪೆಟ್ಟಿಗೆಯನ್ನು ಹುಡುಕುವ ಕಡೆಗೆ ತಿರುಗಿಸುತ್ತಾರೆ. ಆಗ ಅದು ಬೀಪ್ ಬೀಪ್ ಎನ್ನುತ್ತ, ಇನ್ನೆಷ್ಟು ದೂರ ಎಂದು ಅಂಕಿಯಲ್ಲಿ ತೋರಿಸುತ್ತ, ಹೂತವರ ಕಡೆ ಕರೆದೊಯ್ಯುತ್ತದೆ.

ಹೊರಡುವ ಮುನ್ನ ದಿನವೂ ಒಂದು ಶಾಸ್ತ್ರ ಉಂಟು. ಅಣ್ಣ ಬಿಡಾರದ ಬಾಗಿಲಾಚೆ ನಿಂತು ತಮ್ಮ ಬೀಪರನ್ನು ಹುಡುಕುವ ಕಡೆಗೆ ತಿರುಗಿಸುತ್ತಾರೆ. ನಾವು ಒಬ್ಬೊಬ್ಬರಾಗಿ ಅವರ ಮುಂದೆ ಹಾದುಹೋಗುತ್ತೇವೆ. ನನ್ನದು ಬೀಪ್ ಎಂದರೆ ಅವರು ತಲೆಯಾಡಿಸುತ್ತಾರೆ, ನಾನು ಮುಂದೆ. ಆಗ ಯಾರೂ ತಮಾಷೆ ಮಾಡುವುದಿಲ್ಲ, ಸಣ್ಣವನು ಕೂಡ. ಕೊನೆಗೆ ಅಣ್ಣ ತಮ್ಮದನ್ನು ಮತ್ತೆ ಕಳಿಸುವ ಕಡೆಗೆ ತಿರುಗಿಸಿಕೊಂಡು ನಮ್ಮನ್ನು ಸೇರಿಕೊಳ್ಳುತ್ತಾರೆ. ಬೀಪರ್ ಇಲ್ಲದವರು ಬೆಟ್ಟಕ್ಕಿಲ್ಲ, ಎಲ್ಲರೂ ಒಳಗೆ ಬರುವ ತನಕ ಯಾರದೂ ಆಫ್ ಇಲ್ಲ. ಇವೆರಡು ಅವರ ನಿಯಮಗಳು.

ಹೋದ ವರ್ಷದ ಚಳಿಗಾಲದಲ್ಲಿ ನಾವು ಯಥಾಪ್ರಕಾರ ಜಪಾನಿನ ಅದೇ ಉತ್ತರದ ದ್ವೀಪದಲ್ಲಿದ್ದೆವು. ರಸ್ತೆ ಮುಗಿಯುವ ಕಡೆ, ಬಿಸಿನೀರಿನ ಬುಗ್ಗೆಯ ಪಕ್ಕದಲ್ಲಿ, ಮುದುಕಿಯೊಬ್ಬಳು ನಡೆಸುವ ಮರದ ವಸತಿಗೃಹವೇ ನಮ್ಮ ಬಿಡಾರ. ಅಣ್ಣನಿಗೆ ಅಲ್ಲಿ ಒಂದು ಆಸೆ ಇತ್ತು. ಮುಂದಿನ ಬೆಟ್ಟದ ಬೆನ್ನಿನ ಏಣನ್ನು ದಾಟಿದರೆ ಆಚೆಗೊಂದು ಕಣಿವೆ ಇದೆಯಂತೆ. ಹಡಗಿನ ಆ ಚಳಿಗಾಲದಲ್ಲಿ ಒಮ್ಮೆ ನೋಡಿದ್ದರು. ಅದರ ನಡುವೆ ಹೆಪ್ಪುಗಟ್ಟದ ಬಿಸಿನೀರಿನ ತೊರೆ, ತೊರೆಯ ಹಬೆ ತಾಗಿ ಎಡದಂಡೆಯ ಮರಗಳೆಲ್ಲ ಬೆಳ್ಳಗೆ, ಬಲದಂಡೆಯವು ಮಾತ್ರ ಕಪ್ಪಗೆ. ಅದನ್ನು ನಮಗೆ ತೋರಿಸಬೇಕೆಂದು ಪ್ರತಿ ವರ್ಷವೂ ಹೊರಡುವರು. ಪ್ರತಿ ವರ್ಷವೂ ಗಾಳಿಯೋ ಮೋಡವೋ ಅಡ್ಡ ಬಂದು ವಾಪಸು ಬರುವೆವು.

ಆ ಸಲವೂ ಏಣಿನ ಬುಡದಲ್ಲಿ ಗಾಳಿ ಎದ್ದಿತು. ಮುಂದೆ ಹೋಗುವುದೋ ಬೇಡವೋ ಎಂದು ನಿಂತಿದ್ದಾಗ, ಎದುರಿನ ಇಳಿಜಾರು ನೋಡಿ ನನಗೇಕೋ ಅಳುಕಾಗಿ, ಬೀಪರನ್ನು ಒಮ್ಮೆ ಹುಡುಕುವ ಕಡೆಗೆ ತಿರುಗಿಸಿದೆ. ಮೂರು ಸಂಕೇತ ತೋರಿಸಬೇಕಿತ್ತು. ಎರಡೇ ತೋರಿಸಿತು. ಒಬ್ಬೊಬ್ಬರ ಹತ್ತಿರ ಹಿಡಿದು ನೋಡಿದೆ. ಅಣ್ಣನದು ಸತ್ತಂತೆ ಸುಮ್ಮನಿತ್ತು.

"ಅಣ್ಣಾ, ನಿಮ್ದು ಒಂದ್ಸಲ ನೋಡಿ" ಎಂದೆ.

ಅವರು ಜಿಪ್ ಇಳಿಸಿ ನೋಡಿದರು. ಬೆಳಿಗ್ಗೆ ನಮ್ಮನ್ನೆಲ್ಲ ಪರೀಕ್ಷಿಸಿ, ತಮ್ಮದನ್ನು ಕಳಿಸುವ ಕಡೆಗೆ ತಿರುಗಿಸುವ ಬದಲು ಆಫ್ ಮಾಡಿಕೊಂಡಿದ್ದರು. ಅರ್ಧ ದಿನ ಹಾಗೇ ನಡೆದಿದ್ದರು. ಅವರ ಮೇಲೆ ಬೆಟ್ಟ ಕುಸಿದಿದ್ದರೆ ನಾವು ಎಲ್ಲೆಂದು ತಿಳಿಯದೆ ಬಿಳಿಯ ಬಯಲನ್ನು ಅಗೆಯಬೇಕಿತ್ತು. ಅವರು ಆನ್ ಮಾಡಿಕೊಂಡು, ಜಿಪ್ ಏರಿಸಿ, "ಹಿಂದೆ ಹೋಗುವ" ಎಂದರು. ಆ ದಿನ ಇಳಿಯುವಾಗ ಅವರು ಒಮ್ಮೆಯೂ ಹಾಡು ಗುನುಗಲಿಲ್ಲ.

ಯಾರಿಗಾದರೂ ಆಗಬಹುದಾದ ತಪ್ಪು. ನಾನು ಹಾಗೇ ಅಂದುಕೊಂಡೆ. ಆದರೆ ಅದೇ ರಾತ್ರಿ ಊಟದ ಹೊತ್ತಿಗೆ ಆ ಕಣಿವೆಯ ಕಥೆಯನ್ನು ಅವರು ಎರಡು ಸಲ ಹೇಳಿದರು, ಅನ್ನ ಬಡಿಸಿಕೊಳ್ಳುವ ಮುಂಚೆ ಒಮ್ಮೆ, ಬಡಿಸಿಕೊಂಡ ಮೇಲೆ ಒಮ್ಮೆ. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ.

ಮಲೇಷ್ಯಾಕ್ಕೆ ಬಂದ ಮೇಲೆ ಅಣ್ಣನ ಹೆಂಡತಿ, ನಮಗೆಲ್ಲ ಅತ್ತಿಗೆ, ತಾವೇ ನನಗೆ ಫೋನು ಮಾಡಿ ಹೇಳಿದರು. ಸ್ಕ್ಯಾನ್ ಆಗಿದೆ, ಮರೆವಿನ ಕಾಯಿಲೆ, ಇನ್ನೂ ಶುರು. "ಅವರಿಗೆ ಗೊತ್ತುಂಟು. ಆದ್ರೆ ಬೆಟ್ಟದ ವಿಷಯ ಮಾತ್ರ ಎತ್ತಬೇಡಿ ಅಂತಾರೆ. ಈ ವರ್ಷ ಆ ಕಣಿವೆ ತೋರಿಸ್ಲೇಬೇಕಂತೆ ನಿಮಗೆ" ಎಂದರು. ಅವರ ದನಿಯಲ್ಲಿ ಒಂದು ಕೋರಿಕೆ ಇತ್ತು. ಕರೆದುಕೊಂಡು ಹೋಗಿ ಎಂದೋ, ಬಿಟ್ಟುಹೋಗಿ ಎಂದೋ ನನಗೆ ತಿಳಿಯಲಿಲ್ಲ.

ನಾವು ಮೂವರೂ ಆ ವಿಷಯ ಮಾತಾಡಿದ್ದು ಒಮ್ಮೆಯೇ, ಡಾಕ್ಟರಮ್ಮನ ಕಾರಿನಲ್ಲಿ.

"ಮಂಡಿ ನೋವು, ಹೃದಯ, ಏನರ ಇದ್ರ ನಾನ ಹೇಳ್ತಿದ್ದೆ. ಡಾಕ್ಟರ್ ಅಂತ ಹೇಳೂದು ಸಸಾರ" ಎಂದರು ಡಾಕ್ಟರಮ್ಮ. "ಇದು ಹಂಗಲ್ಲ. ಒಂದ್ ಮಾತ್ ಕೇಳ್ತೀನ್ರಿ. ನೀವು ಹಿಮದಾಗ ಹೂತು ಹೋಗೀರಿ, ಮ್ಯಾಲೆ ಅಣ್ಣ ಒಬ್ಬರ ಅದಾರ. ನಿಮಗ ಧೈರ್ಯ ಅದ ಏನ್ರಿ?"

ಇದೆ ಎಂದು ನನ್ನ ಬಾಯಿಂದ ಹೊರಡಲಿಲ್ಲ. ಹೊರಡದ್ದೇ ಉತ್ತರವಾಯಿತು.

"ಹಂಗಂತ ಅವರಿಗೆ ಹೇಳೋದು ಹೆಂಗೆ ಗುರೂ" ಎಂದ ಸಣ್ಣವನು, ಹಿಂದಿನ ಸೀಟಿನಿಂದ. "ನಂಗೆ ಸ್ಕೀ ಕಟ್ಟೋಕ್ ಕಲಿಸಿದ್ದೇ ಅವ್ರು. ಹೊಳೆ ದಾಟಿದ್ಮೇಲೆ ಅಂಬಿಗನ ಹಂಗ್ಯಾಕೆ ಅನ್ನೋ ಥರ ಆಗುತ್ತೆ."

ಅದೇ ನೋಡಿ. ನಮ್ಮ ಈ ಹುಚ್ಚಿನಲ್ಲಿ ಒಬ್ಬರಿಗೆ ನೀವು ಬರಬೇಡಿ ಎನ್ನುವುದೆಂದರೆ, ನಿಮ್ಮ ಕಾಲು ಸೋತಿದೆ ಎಂದು ಹೇಳಿದ ಹಾಗಲ್ಲ. ನನ್ನ ಜೀವವನ್ನು ಇನ್ನು ನಿಮ್ಮ ಕೈಗೆ ಕೊಡಲಾರೆ ಎಂದು ಹೇಳಿದ ಹಾಗೆ. ಹಿರಿಯರ ಮುಖ ನೋಡಿ ಆ ಮಾತು ಆಡುವ ಬಾಯಿ ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ. ಆಡದಿದ್ದರೆ ಬೆಟ್ಟ ಕಾಯುತ್ತಿತ್ತು. ಅತ್ತ ದರಿ, ಇತ್ತ ಪುಲಿ. ತಿಂಗಳುಗಳು ಕಳೆದವು. ಅಣ್ಣ ವಿಮಾನದ ಟಿಕೇಟಿನ ವಿಚಾರ ಎತ್ತಿದಾಗಲೆಲ್ಲ ನಾವು ಬೇರೆ ಮಾತು ತೆಗೆದೆವು.

ಹಿಮವಿಲ್ಲದ ಊರಿನಲ್ಲಿ ಹೂತವರನ್ನು ಹುಡುಕುವ ಅಭ್ಯಾಸ ಮಾಡಲು ಅಣ್ಣನೇ ಕಂಡುಹಿಡಿದ ಉಪಾಯ ಕಡಲತೀರ. ಬಂದರಿನಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೋದರೆ ಒಂದು ಕೆಸರು ಮರಳಿನ ತೀರ ಸಿಗುತ್ತದೆ. ನೀರಿಳಿತದ ಹೊತ್ತಿಗೆ ಕಡಲು ಬಹಳ ದೂರ ಸರಿದು ದೊಡ್ಡ ಬಯಲು ಬಿಟ್ಟುಕೊಡುತ್ತದೆ. ಭಾನುವಾರ ಬೆಳಿಗ್ಗೆ ನಾವು ಮೂವರು ದಂಡೆಯ ಮಾಮಕ್ ಚಹಾದಂಗಡಿಯಲ್ಲಿ ಕಡಲಿಗೆ ಬೆನ್ನು ಹಾಕಿ ಕೂತು ಟೆಹ್ ತಾರಿಕ್ ಎನ್ನುವ ನೊರೆ ಚಹಾ ಕುಡಿಯಬೇಕು. ಅಷ್ಟರಲ್ಲಿ ಅಣ್ಣ ಹೆಚ್ಚುವರಿಯಾಗಿ ಇಟ್ಟುಕೊಂಡ ಹಳೆಯ ಬೀಪರುಗಳನ್ನು ಆನ್ ಮಾಡಿ, ಊಟ ಕಟ್ಟಿಕೊಡುವ ತಪಾವ್ ಡಬ್ಬಿಗಳಲ್ಲಿ ಭದ್ರವಾಗಿ ಮುಚ್ಚಿ, ಮರಳಲ್ಲಿ ಹೂಳಿ ಬರುತ್ತಾರೆ. ಆಮೇಲೆ ನಾವು ಹುಡುಕಬೇಕು. ಅಂಗಡಿಯ ತಮಿಳಿನವರು ಮೊದಲ ಸಲ ನಮ್ಮನ್ನು ಚಿನ್ನ ಹುಡುಕುವವರು ಅಂದುಕೊಂಡಿದ್ದರು.

ಕಳೆದ ಸೆಪ್ಟೆಂಬರಿನ ಆ ಭಾನುವಾರ ಅಣ್ಣ ಖುಷಿಯಲ್ಲಿದ್ದರು. "ತಿರುಗಿ ನೋಡಿದವರಿಗೆ ಮಧ್ಯಾಹ್ನ ಮೀನು ಸಾರಿಲ್ಲ, ನೋಡಿ" ಎಂದು ಎಚ್ಚರಿಸಿ ಮರಳಿಗೆ ಇಳಿದರು.

"ಬೇಗ ಹೂತ್ ಬನ್ನಿ ಲಾ, ಟೀ ಆರೋಗುತ್ತೆ" ಎಂದು ಸಣ್ಣವನು ಕೂಗಿದ.

ಅವರು ಬಂದು ಎರಡು ಡಬ್ಬಿ ಹೂತಿದ್ದೇನೆ ಎಂದರು. ನಾವು ಎರಡನ್ನೂ ಹುಡುಕಿ ತೆಗೆದೆವು. ಡಾಕ್ಟರಮ್ಮನಿಗೆ ಮೊದಲನೆಯದು ಬೇಗ ಸಿಕ್ಕಿತು, ನನಗೆ ಎರಡನೆಯದಕ್ಕೆ ತಡವಾಯಿತು. ತಡವಾದದ್ದಕ್ಕೆ ಅಣ್ಣ ನನಗೆ ಬೈದರು, ನಾನೂ ಮೂತಿ ಉಬ್ಬಿಸಿದೆ. ಎಲ್ಲ ಎಂದಿನಂತೆಯೇ ಇತ್ತು. ಅಂಗಡಿಗೆ ವಾಪಸು ಬಂದು ರೊಟಿ ಚನೈ ಎನ್ನುವ ಪರೋಟ ಹೇಳಿ ಕೂತ ಮೇಲೆ ಅಣ್ಣ ಎದೆ ಮುಟ್ಟಿಕೊಂಡರು. ಮತ್ತೆ ಮುಟ್ಟಿಕೊಂಡರು. ಎದ್ದು ನಿಂತರು.

"ನನ್ನದು ಎಲ್ಲಿ?"

ಅವರ ಸ್ವಂತ ಬೀಪರ್ ಕಟ್ಟಿನ ಪಟ್ಟಿ ಸಮೇತ ಇರಲಿಲ್ಲ. ಕಾರು ಹುಡುಕಿದೆವು, ಚೀಲ ಹುಡುಕಿದೆವು. ಕೊನೆಗೆ ಸಣ್ಣವನು ಬುಟ್ಟಿಯಲ್ಲಿದ್ದ ತಪಾವ್ ಡಬ್ಬಿಗಳ ಕಡೆ ನೋಡಿದ. ಮೂರು ತಂದಿದ್ದೆವು. ಎರಡಿದ್ದವು.

ಅವರು ತಮ್ಮದನ್ನೂ ಹೂತಿದ್ದರು. ಹೂತದ್ದು ಮರೆತಿತ್ತು.

"ಆನ್ ಮಾಡೇ ಹೂತದ್ದು. ಆನ್ ಮಾಡದೆ ಹೂಳುವವನಾ ನಾನು?" ಎಂದು ಅಣ್ಣ ನಮ್ಮನ್ನು ಗದರಿಸಿದರು. ಯಾರೂ ಇಲ್ಲ ಎಂದಿರಲಿಲ್ಲ. ಅಷ್ಟರಲ್ಲಿ ಕಡಲು ತಿರುಗಿತ್ತು. ಆ ತೀರದಲ್ಲಿ ನೀರು ಅಲೆಯಾಗಿ ಬರುವುದಿಲ್ಲ. ಚೆಲ್ಲಿದ ಗಂಜಿ ನೆಲದ ಮೇಲೆ ಹರಡಿದ ಹಾಗೆ ಮೆಲ್ಲಗೆ ಹರಡಿಕೊಂಡು ಬರುತ್ತದೆ. ಮೂವರೂ ಸಾಲಾಗಿ ನಿಂತು ಬಯಲಿನ ಆ ತುದಿಯಿಂದ ಈ ತುದಿಗೆ ಹುಡುಕಿದೆವು. ಒಂದು ಬೀಪೂ ಇಲ್ಲ. ಉಪ್ಪುನೀರು ಆ ಸಂಕೇತವನ್ನು ನುಂಗಿಬಿಡುತ್ತದೆ ಎಂದು ನನಗೆ ಗೊತ್ತಿತ್ತು, ಪಾಠ ಹೇಳುವವಳು ನಾನು. ನೀರಿನಡಿಯಲ್ಲಿ ಇದೆಯೋ, ಆನ್ ಆಗಿಯೇ ಇರಲಿಲ್ಲವೋ, ಹೇಳುವವರು ಯಾರು? ಅಣ್ಣ ಒಂದು ಕಡೆ ಕೈ ತೋರಿಸುತ್ತಿದ್ದರು, ಅಗೆದೆವು. ಇನ್ನೊಂದು ಕಡೆ ತೋರಿಸಿದರು, ಅಲ್ಲೂ ಅಗೆದೆವು. ಅಗೆದ ಗುಂಡಿಯಲ್ಲಿ ನೀರು ಜಿನುಗುತ್ತಿತ್ತು. ಮೊಣಕಾಲ ತನಕ ನೀರು ಬಂದ ಮೇಲೆ ಡಾಕ್ಟರಮ್ಮ ಸಲಿಕೆ ಹೆಗಲಿಗೇರಿಸಿ "ಸಾಕ್ರಿ ಅಣ್ಣಾ" ಎಂದರು. ಅಣ್ಣ ನೀರಿನಲ್ಲೇ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು, ಬೀಪರ್ ಇರಬೇಕಾದ ಜಾಗದಲ್ಲಿ.

ಅಂದು ಮಧ್ಯಾಹ್ನ ಅವರ ಮನೆಯಲ್ಲಿ ಅತ್ತಿಗೆ ನೀರುದೋಸೆ, ಮೀನು ಸಾರು ಬಡಿಸಿದರು. ಡಾಕ್ಟರಮ್ಮ ನಮಾಜು ಮುಗಿಸಿ ಬಂದು ಕೂತರು. ಇವತ್ತು ಹೇಳಿಬಿಡಬೇಕು, ನಾನೇ ಹೇಳಬೇಕು, ಎಂದು ನಾನು ಮನಸ್ಸಿನಲ್ಲಿ ಮಾತು ಕಟ್ಟುತ್ತಿದ್ದೆ. ಕಟ್ಟಿದ ಮಾತೆಲ್ಲ ಕೆಟ್ಟದಾಗಿತ್ತು. "ಅಣ್ಣಾ" ಎಂದು ಶುರು ಮಾಡಿದೆ.

ಅವರು ಕೈ ತೋರಿಸಿ ತಡೆದರು. ಕೈ ತೊಳೆದುಕೊಂಡು ಬಂದು ಕೂತು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ನನ್ನ ಬೀಪರ್ ಹೋಯ್ತಲ್ಲ" ಎಂದರು. "ಬೀಪರ್ ಇಲ್ಲದವರು ಬೆಟ್ಟಕ್ಕಿಲ್ಲ. ನಿಯಮ ನಿಯಮವೇ. ಈ ವರ್ಷ ನೀವು ಮೂವರು ಹೋಗುವುದು."

ಹೊಸದು ಕೊಂಡುಕೊಳ್ಳಬಹುದಿತ್ತು. ಆ ಹಳೆಯ ಎರಡರಲ್ಲಿ ಒಂದನ್ನು ಕಟ್ಟಿಕೊಳ್ಳಬಹುದಿತ್ತು. ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ಅಣ್ಣನಿಗೂ. ಸಣ್ಣವನು ಏನೋ ಹೇಳಲು ಬಾಯಿ ತೆರೆದ. ಡಾಕ್ಟರಮ್ಮ ಮೇಜಿನಡಿಯಲ್ಲಿ ಅವನ ಕಾಲು ಒತ್ತಿದ್ದು ನನಗೆ ಕಾಣಿಸಿತು. ಅವನು ಬಾಯಿ ಮುಚ್ಚಿದ. ಇನ್ನೊಂದು ತರೋಣ ಅಣ್ಣಾ ಎಂದು ಯಾರೂ ಹೇಳಲಿಲ್ಲ. ಆ ಮೌನವನ್ನು ಅಣ್ಣ ಪೂರ್ತಿ ಕೇಳಿಸಿಕೊಂಡರು. ನಾವು ಆಡಲಾರದೆ ಇದ್ದ ಮಾತನ್ನು ಅವರು ತಮ್ಮ ನಿಯಮದಲ್ಲಿ ಸುತ್ತಿ, ನಮ್ಮ ಪರವಾಗಿ ತಾವೇ ಆಡಿಬಿಟ್ಟಿದ್ದರು. ಅಷ್ಟು ದೊಡ್ಡತನ ನನಗಿಲ್ಲ. ಅಂದು ಅವರ ಮನೆಯ ಮೆಟ್ಟಿಲಿಳಿಯುವಾಗ ಅಳು ಬಂತು, ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿಕೊಂಡೆ.

ಬಾಗಿಲ ತನಕ ಬಂದ ಅಣ್ಣ "ಆದ್ರೆ ಒಂದುಂಟು" ಎಂದರು. "ಅಲ್ಲಿ ತನಕ ನಾನೂ ಬರ್ತೇನೆ. ಇವಳನ್ನೂ ಕರ್ಕೊಂಡು. ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಲಿಕ್ಕೆ ಒಬ್ಬರು ಬೇಕಲ್ಲ ನಿಮಗೆ."

ಹಾಗೆ ಈ ವರ್ಷ ನಾವು ಐವರು ಹೋದೆವು. ಅತ್ತಿಗೆ ಹಿಮ ನೋಡಿದ್ದು ಅದೇ ಮೊದಲು. "ಇದಕ್ಕಾ ಇಷ್ಟು ವರ್ಷ ನನ್ನನ್ನು ಬಿಟ್ಟು ಬರ್ತಿದ್ದದ್ದು? ಇದು ಫ್ರೀಜರಿನಲ್ಲೇ ಉಂಟಲ್ಲ" ಎಂದು ಮೂಗು ಮುರಿದು, ವಸತಿಗೃಹದ ಮುದುಕಿಯ ಅಡುಗೆಮನೆ ಸೇರಿಕೊಂಡರು. ಇವರಿಗೆ ಜಪಾನೀ ಬಾರದು, ಆಕೆಗೆ ಕನ್ನಡ ಬಾರದು. ಇಬ್ಬರೂ ದಿನವಿಡೀ ಮೂಲಂಗಿ ಹೆಚ್ಚುತ್ತ ಮಾತಾಡುತ್ತಿದ್ದರು.

ಬೆಳಿಗ್ಗೆ ಬೆಳಿಗ್ಗೆ ಅಣ್ಣ ಹಳೆಯ ಬೀಪರೊಂದನ್ನು ಹಿಡಿದು ಬಾಗಿಲಾಚೆ ನಿಲ್ಲುತ್ತಿದ್ದರು. ಉಣ್ಣೆಯ ಟೊಪ್ಪಿ, ಕೈಗವಸಿಲ್ಲದ ಕೈ. ನಾವು ಒಬ್ಬೊಬ್ಬರಾಗಿ ಹಾದುಹೋಗುತ್ತಿದ್ದೆವು. ಬೀಪ್. ತಲೆಯಾಡಿಸುವರು. ಬೀಪ್. ತಲೆಯಾಡಿಸುವರು. ಮೂರನೆಯದಾದ ಮೇಲೆ ಅವರ ಹೆಬ್ಬೆರಳು ತನ್ನಷ್ಟಕ್ಕೆ ಗುಂಡಿಯ ಮೇಲೆ ಹೋಗುತ್ತಿತ್ತು, ತಮ್ಮದನ್ನು ಕಳಿಸುವ ಕಡೆಗೆ ತಿರುಗಿಸಲು. ಆಮೇಲೆ ಅಲ್ಲೇ ನಿಲ್ಲುತ್ತಿತ್ತು. ನಾನು ಹಿಂದಿರುಗಿ ನೋಡದೆ ನಡೆಯುವುದನ್ನು ರೂಢಿ ಮಾಡಿಕೊಂಡೆ.

ಕೊನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿ ಇಲ್ಲ, ಹಿಮ ಗಟ್ಟಿಯಾಗಿ ಕೂತಿತ್ತು. ಇಷ್ಟು ವರ್ಷ ನಮ್ಮನ್ನು ವಾಪಸು ಕಳಿಸಿದ ಏಣು ಅಂದು ಸುಮ್ಮನೆ ದಾರಿ ಬಿಟ್ಟಿತು. ಮೇಲೆ ಹತ್ತಿ ಆಚೆ ಇಣುಕಿದರೆ ಕೆಳಗೆ ಆ ಕಣಿವೆ. ನಡುವೆ ತೊರೆ, ತೊರೆಯ ಮೇಲೆ ಹಬೆ. ಎಡದಂಡೆಯ ಮರಗಳು ಅಡಿಯಿಂದ ಮುಡಿಯ ತನಕ ಬೆಳ್ಳಗೆ. ಬಲದಂಡೆಯವು ಕಪ್ಪಗೆ. ಬೆಳಗಿನ ತಿಂಡಿ ಏನೆಂದು ಮಧ್ಯಾಹ್ನಕ್ಕೆ ಮರೆಯುವ ಮನುಷ್ಯ ಹೇಳಿದ ಒಂದು ಗುರುತೂ ತಪ್ಪಿರಲಿಲ್ಲ.

"ಯಪ್ಪಾ" ಎಂದ ಸಣ್ಣವನು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಫೋಟೋ ತೆಗೆಯಬೇಕೆಂದು ಜೇಬಿಗೆ ಕೈ ಹಾಕಿದ ಸಣ್ಣವನು ಹಾಗೇ ಕೈ ಹೊರತೆಗೆದ. ನಾವು ಅಲ್ಲಿ ಇಳಿದೆವು, ತೊರೆಯ ತನಕ. ಅಷ್ಟು ಒಳ್ಳೆಯ ಇಳಿಜಾರನ್ನು ನಾನು ಹಿಂದೆಂದೂ ಇಳಿದಿಲ್ಲ. ಅಷ್ಟು ಕಡಿಮೆ ಸಂತೋಷದಿಂದಲೂ ಇಳಿದಿಲ್ಲ.

ಮತ್ತೆ ಏಣು ಹತ್ತಿ ದಾಟಿ ವಸತಿಗೃಹಕ್ಕೆ ಬರುವ ಹೊತ್ತಿಗೆ ಬೆಳಕು ಬೂದಿಯಾಗುತ್ತಿತ್ತು, ಹಿಮ ಉದುರಲು ಶುರುವಾಗಿತ್ತು. ಅಣ್ಣ ಬಾಗಿಲಾಚೆಯೇ ನಿಂತಿದ್ದರು. ಟೊಪ್ಪಿಯ ಮೇಲೆ ಹಿಮ ಕೂತಿತ್ತು.

"ಅಣ್ಣಾ, ಸಿಕ್ತು ಕಣಿವೆ! ನೀವ್ ಹೇಳಿದ್ ಥರಾನೇ ಇದೆ" ಎಂದು ಸಣ್ಣವನು ದೂರದಿಂದಲೇ ಕೂಗಿದ.

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ನಮ್ಮ ಹಿಂದಿನ ದಾರಿಯನ್ನು ನೋಡಿದರು.

"ಮೂರೇ ಜನ" ಎಂದರು. "ನಾಲ್ಕನೆಯವನು ಎಲ್ಲಿ?"

ಅತ್ತಿಗೆ ಬಾಗಿಲಿಗೆ ಬಂದು ಅವರ ತೋಳು ಹಿಡಿದರು. "ಒಳಗೆ ಬನ್ನಿ. ಎಲ್ಲ ಬಂದಾಯ್ತು."

"ನಾಲ್ಕು ಜನ ಹೋದದ್ದು ಮಾರಾಯ್ತಿ. ಯಾವಾಗಲೂ ನಾಲ್ಕು ಜನ."

ಡಾಕ್ಟರಮ್ಮ ಸ್ಕೀ ಬಿಚ್ಚಿ ಹತ್ತಿರ ಹೋದರು. "ಅಣ್ಣಾ" ಎಂದರು, ಮಗುವಿಗೆ ಹೇಳುವ ಹಾಗೆ. "ನಾಲ್ಕನೇದವ್ರು ನೀವ ಅಲ್ರಿ?"

ಅಣ್ಣನಿಗೆ ಸಿಟ್ಟು ಬಂತು. "ನಾನು ಇಲ್ಲೇ ಇದ್ದೇನಲ್ಲ. ನಾನು ಹೋದವನ ಬಗ್ಗೆ ಕೇಳ್ತಾ ಇರೋದು."

ಅವರು ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡರು. ಜೇಬಿನಿಂದ ಹಳೆಯ ಬೀಪರ್ ತೆಗೆದು, ನೋಡದೆಯೇ ಹುಡುಕುವ ಕಡೆಗೆ ತಿರುಗಿಸಿದರು. ನಮ್ಮ ಮೂವರ ಸಂಕೇತಕ್ಕೆ ಅದು ಒಂದೇ ಸಮನೆ ಅರಚತೊಡಗಿತು. "ನೀವೆಲ್ಲ ಬಂದಾಯ್ತಲ್ಲ, ಆಫ್ ಮಾಡಿ. ಅವನದು ಕೇಳಬೇಕು" ಎಂದು ಗದರಿದರು. ಅದು ಬೆಟ್ಟದ ಮೇಲಿನ ಅಣ್ಣನ ದನಿ. ಆ ದನಿಗೆ ಎದುರಾಡುವುದನ್ನು ನಾವು ಕಲಿತಿಲ್ಲ. ಡಾಕ್ಟರಮ್ಮನೂ ಸಣ್ಣವನೂ ಆಫ್ ಮಾಡಿದರು.

ನಾನು ಮಾಡಲಿಲ್ಲ. ಯಾಕೆ ಎಂದು ಆಗ ಯೋಚಿಸಲಿಲ್ಲ. ಅವರು ಟೊಪ್ಪಿ ಸರಿಮಾಡಿಕೊಳ್ಳುವಷ್ಟರಲ್ಲಿ ಮನೆಯ ಹಿಂದಕ್ಕೆ ಹೋಗಿ, ಸೌದೆ ಕೊಟ್ಟಿಗೆಯನ್ನೂ ದಾಟಿ, ಬಯಲಿನ ತಗ್ಗೊಂದರಲ್ಲಿ ಮುದುರಿಕೊಂಡು ಮಲಗಿದೆ. ಹಿಮದ ವಾಸನೆ ಮೂಗಿಗೆ ಬಂತು. ಮೈಮೇಲೆ ಹೊಸ ಹಿಮ ಉದುರುತ್ತಿತ್ತು.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಅವರನ್ನು ಅತ್ತಿಗೆ ಒಳಗೆ ಕರೆದುಕೊಂಡು ಹೋದರೇನೋ ಎಂದುಕೊಂಡೆ. ಆಮೇಲೆ ಬೀಪ್ ಎಂದಿತು, ದೂರದಲ್ಲಿ. ತಡೆದು ಮತ್ತೊಂದು. ಕತ್ತು ಎತ್ತದೆ ಕಣ್ಣು ಹೊರಳಿಸಿ ನೋಡಿದೆ. ಅಣ್ಣ ಕೊಟ್ಟಿಗೆಯ ಮೂಲೆಯಿಂದ ಬರುತ್ತಿದ್ದರು. ಓಡುತ್ತಿರಲಿಲ್ಲ. ಬೀಪರನ್ನು ಮುಂದೆ ಹಿಡಿದು, ಸದ್ದು ಕುಗ್ಗಿದಾಗ ನಿಂತು, ದಿಕ್ಕು ಬದಲಿಸಿ, ಹೆಚ್ಚಾದಾಗ ಮುಂದೆ ಬಂದರು. ಹತ್ತಿರವಾದ ಮೇಲೆ ನಮಗೆ ಸಾವಿರ ಸಲ ಹೇಳಿದ ಹಾಗೆ ನಿಧಾನವಾದರು. ಬಗ್ಗಿ ಬೀಪರನ್ನು ಹಿಮಕ್ಕೆ ತಾಗಿಸಿ ಆಚೆ ಒಮ್ಮೆ, ಈಚೆ ಒಮ್ಮೆ ಸರಿಸಿದರು. ಹೆಸರು ತಪ್ಪಿಹೋಗುತ್ತಿದ್ದ, ತಿಂಗಳು ತಪ್ಪಿಹೋಗುತ್ತಿದ್ದ ಆ ಮನುಷ್ಯನ ಕೈ ಒಂದು ಕಡೆಯೂ ತಪ್ಪಲಿಲ್ಲ. ಮರಳಿನಲ್ಲಿ ನಾನು ಅಷ್ಟು ಚೆನ್ನಾಗಿ ಒಂದು ದಿನವೂ ಹುಡುಕಿದವಳಲ್ಲ. ಈ ಕೈಗೆ ಜೀವ ಕೊಡಲಾರೆ ಎಂದು ವರ್ಷವಿಡೀ ಅಂದುಕೊಂಡವಳು ನಾನು.

ಅವರು ಸಲಿಕೆ ಬದಿಗಿಟ್ಟು ಮಂಡಿಯೂರಿದರು. ಬರಿಗೈಯಿಂದ ನನ್ನ ಮುಖದ ಮೇಲಿನ ಹಿಮ ಒರೆಸಿದರು, ಮೊದಲು ಮೂಗು, ಆಮೇಲೆ ಬಾಯಿ. ಅದೂ ಅವರೇ ಕಲಿಸಿದ ಕ್ರಮ, ಉಸಿರಿನ ದಾರಿ ಮೊದಲು. ಗುರುತು ಹಿಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಕೈ ತಣ್ಣಗಿತ್ತು.

"ಸಿಕ್ಕಿದಿ" ಎಂದರು. "ಹೆದರಬೇಡ. ನಾನು ಬಂದೆ."

ಅವರು ನನ್ನನ್ನು ಎತ್ತಿ ಕೂರಿಸಿ, ಮನೆಯ ಕಡೆ ತಿರುಗಿ, "ನಾಲ್ಕೂ ಜನ ಬಂದ್ರು!" ಎಂದು ಕೂಗಿದರು. ಬಾಗಿಲಲ್ಲಿ ನಿಂತಿದ್ದ ಮೂವರಲ್ಲಿ ಯಾರೋ ಹ್ಞೂಂ ಎಂದು ಓಗೊಟ್ಟರು. ಅತ್ತಿಗೆಯೇ ಇರಬೇಕು.

"ಈಗ ಆಫ್ ಮಾಡು" ಎಂದರು ಅಣ್ಣ.

ನಾನು ಆಫ್ ಮಾಡಿದೆ.